ದಾಸೋಹವೂ ತಗಡಿನ ಡಬ್ಬಿಯೂ

ತನಗೆ ದೊರೆತುದನ್ನು ಪರರೊಡನೆ ಹಂಚಿಕೊಂಡು ಬಾಳಬೇಕೆಂಬುದು ಎಲ್ಲ ಧರ್ಮಗಳಿಗೂ ಸಮ್ಮತವಾದ ನೀತಿ. ಶಿವಶರಣರಾದರೋ ಈ ನೀತಿಯನ್ನು ಅಷ್ಟಕ್ಕೇ ಬಿಡಲಿಲ್ಲ. ದಾನಕ್ಕೂ ದಾಸೋಹಕ್ಕೂ ನಡುವೆ ಅವರು ಸೂಕ್ಷ್ಮವಾದ ಗೆರೆಯೊಂದನ್ನು ಎಳೆದರು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಕೊಳ್ಳುವವನ ಕೈ ಕೆಳಗಿರುತ್ತದೆ. ದಾಸೋಹಕ್ಕೆ ಮೂಲವಾದುದು 'ದಾಸಃ ಅಹಂ', ಎಂದರೆ 'ನಾನು ಸೇವಕನು' ಎಂಬ ಭಾವ. ಅಲ್ಲಿ ಕೊಡುವವನು ಒಡೆಯನಲ್ಲ. ಒಡೆಯನ ಸೊತ್ತನ್ನು ಒಡೆಯನಿಗೇ ತಲುಪಿಸುವ ಆಳು. ತನುವನ್ನು ಗುರುವಿಗೂ ಮನವನ್ನು ಲಿಂಗಕ್ಕೂ ಧನವನ್ನು ಜಂಗಮಕ್ಕೂ ಸವೆಸಬೇಕೆಂಬ ತ್ರಿವಿಧ ದಾಸೋಹದ ಉಪದೇಶವು ಭಕ್ತರೆಲ್ಲರಿಗೂ ತಿಳಿದುದೇ ಆಗಿದೆ.

ಅನ್ನ ವಸ್ತ್ರ ಧನಗಳ ವಿಷಯದಲ್ಲಿ ಈ ಗೆರೆ ಸ್ಪಷ್ಟವಾಗಿ ತೋರುತ್ತದೆ. ಆದರೆ ಕಣ್ಣಿಗೆ ಕಾಣದ, ತಕ್ಕಡಿಗೆ ಸಿಕ್ಕದ ವಸ್ತುವೊಂದು ಮನೆಗೆ ಬಂದಾಗ ಗೆರೆಯನ್ನು ಎಲ್ಲಿ ಎಳೆಯಬೇಕು? ಇಂದು ಗೃಹಸ್ಥರ ಮನೆಗಳಿಗೆ ಬರುತ್ತಿರುವ ಅಂತರ್ಜಾಲವು ಅಂತಹ ವಸ್ತು. ಅದನ್ನು ನೆರೆಯವರೊಡನೆ ಹಂಚಿಕೊಳ್ಳುವುದು ದಾನವೋ, ದಾಸೋಹವೋ, ಅಥವಾ ಎರಡೂ ಅಲ್ಲದ ಬೇರೊಂದೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ನಾಗಮಂಗಲ ತಾಲ್ಲೂಕಿನ ಹಳ್ಳಿಯೊಂದನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ಅನುಕೂಲಸ್ಥನಾದ ಗೃಹಸ್ಥನೊಬ್ಬನ ಮನೆಗೆ ತಂತಿಯ ಮೂಲಕ ಅಂತರ್ಜಾಲ ಬಂದಿದೆ. ತೆಂಗಿನ ತೋಟದ ಆಚೆ, ಬೇರೊಂದು ಕೇರಿಯಲ್ಲಿ, ಕೂಲಿ ಮಾಡಿ ಬದುಕುವ ತಾಯಿಯೊಬ್ಬಳಿದ್ದಾಳೆ. ಅವಳ ಮಗಳು ಪಿ.ಯು.ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾಳೆ. ಪಾಠದ ಹಾಳೆಗಳೂ ವಿದ್ಯಾರ್ಥಿವೇತನದ ಅರ್ಜಿಗಳೂ ಫೋನಿನಲ್ಲಿಯೇ ಬರುವ ಕಾಲವಿದು; ಆ ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲ. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ ಕುಳಿತುದನ್ನು ನಾಡು ಕಂಡಿದೆ. "ಅಣ್ಣಾ, ಮಗಳಿಗೆ ಪರೀಕ್ಷೆ ಮುಗಿಯೋವರೆಗೆ ಏನಾದರೂ ದಾರಿ ಮಾಡಿಕೊಡಿ" ಎಂದು ತಾಯಿ ಬಂದು ಕೇಳುತ್ತಾಳೆ. ಗೃಹಸ್ಥನ ಮಗನು ಜಾಣನು; ತಗಡಿನ ಡಬ್ಬಿಯೊಂದರಿಂದ ಆಂಟೆನಾ ಮಾಡಲು ತೊಡಗುತ್ತಾನೆ.

ಇದರಲ್ಲಿ ಮಾಯೆಯೇನೂ ಇಲ್ಲ. ವೈಫೈಗೆ ಬಳಸುವ 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 12.5 ಸೆಂಟಿಮೀಟರು. ಅದರ ಕಾಲುಭಾಗದಷ್ಟು, ಎಂದರೆ ಸುಮಾರು 3 ಸೆಂಟಿಮೀಟರು ಉದ್ದದ ತಾಮ್ರದ ತಂತಿಯನ್ನು, ಒಂದು ತುದಿ ಮುಚ್ಚಿರುವ ಡಬ್ಬಿಯ ಒಳಗೆ ನಿಲ್ಲಿಸಬೇಕು. ಡಬ್ಬಿಯ ವ್ಯಾಸ 9 ಸೆಂಟಿಮೀಟರಾದರೆ ತಂತಿಯು ಮುಚ್ಚಿದ ತಳದಿಂದ ಸುಮಾರು 5 ಸೆಂಟಿಮೀಟರು ದೂರದಲ್ಲಿರಬೇಕು; ಡಬ್ಬಿಯ ತಗಡನ್ನು ಮುಟ್ಟಕೂಡದು. ನಾಲ್ಕು ದಿಕ್ಕಿಗೂ ಚೆಲ್ಲಿಹೋಗುತ್ತಿದ್ದ ತರಂಗವನ್ನು ಡಬ್ಬಿಯು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಹೊಸ ಶಕ್ತಿಯನ್ನು ಅದು ಹುಟ್ಟಿಸುವುದಿಲ್ಲ. ಇದ್ದ ಶಕ್ತಿ ವ್ಯರ್ಥವಾಗದಂತೆ ನೋಡಿಕೊಳ್ಳುತ್ತದೆ. ನಡುವೆ ಅಡ್ಡಿಯಿಲ್ಲದಿದ್ದರೆ ಕೆಲವು ನೂರು ಮೀಟರುಗಳವರೆಗೆ ತರಂಗ ತಲುಪೀತು. ಆದರೆ ಹಸಿರೆಲೆಯಲ್ಲಿರುವ ನೀರು ಈ ತರಂಗವನ್ನು ಹೀರುತ್ತದೆ. ತೆಂಗಿನ ಗರಿಗಳಿಗೂ ಆಳೆತ್ತರ ಬೆಳೆದ ಕಬ್ಬಿಗೂ ಮೇಲಾಗಿ ಡಬ್ಬಿಯನ್ನು ನಿಲ್ಲಿಸಬೇಕು.

ಇಂತಹ ಸಾಹಸ ಈ ನಾಡಿಗೆ ಹೊಸದಲ್ಲ. ಶ್ರೀರಂಗಪಟ್ಟಣಕ್ಕೆ ಸಮೀಪದ ಮೈಸೂರಿನಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಸುಮಾರು 30 ವ್ಯಾಟಿನ ಸಣ್ಣ ಯಂತ್ರದ ಮೂಲಕ ಬಾನುಲಿಯನ್ನು ಬಿತ್ತರಿಸತೊಡಗಿದರು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರಾಯಿತು; ಮುಂದೆ ದೇಶದ ಬಾನುಲಿಗೆಲ್ಲ ಅದೇ ಹೆಸರು ನಿಂತಿತು. ಈಚಿನ ವರ್ಷಗಳಲ್ಲಿ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಪರಿಸರದಲ್ಲಿ 'ಜನಸ್ತು' ಎಂಬ ಸಂಸ್ಥೆಯು ಗ್ರಾಮಸ್ಥರನ್ನು ಕೂಡಿಕೊಂಡು, ಊರಿನವರೇ ನೋಡಿಕೊಳ್ಳುವ ನಿಸ್ತಂತು ಜಾಲವನ್ನು ಕಟ್ಟಿದೆ. ಕೈಯಿಂದ ಮಾಡಿದುದು ಕಾಯಕ, ಹಂಚಿದುದು ದಾಸೋಹ. ಇನ್ನು ವಿಚಾರವೇನು ಎಂದು ಕೆಲವರು ಕೇಳಬಹುದು.

ಇಲ್ಲಿಯೇ ಮೊದಲನೆಯ ಶಂಕೆ ಉದಿಸುತ್ತದೆ. ಹಂಚುವ ವಸ್ತು ಹಂಚುವವನದೇ? ಆಕಾಶವು ಯಾರ ಸೊತ್ತೂ ಅಲ್ಲವೆಂಬುದು ನಿಜ. 2,400ರಿಂದ 2,483.5 ಮೆಗಾಹರ್ಟ್ಸ್‌ವರೆಗಿನ ತರಂಗಗಳನ್ನು, ಹೊರಸೂಸುವ ಶಕ್ತಿ 4 ವ್ಯಾಟಿನ ಮಿತಿಯನ್ನು ಮೀರದಂತೆ, ಲೈಸೆನ್ಸಿಲ್ಲದೆ ಬಳಸಲು ಭಾರತ ಸರ್ಕಾರವು 2005ರಲ್ಲಿಯೇ ಅನುಮತಿಯಿತ್ತಿದೆ. ಆದರೆ ತರಂಗ ಬೇರೆ, ಅದರ ಮೇಲೇರಿ ಬರುವ ಸಂಪರ್ಕ ಬೇರೆ. ಸಂಪರ್ಕವನ್ನು ಒಂದು ಕರಾರಿನ ಮೇಲೆ ಪಡೆದಿರುತ್ತಾರೆ. ಮನೆಯ ಹೊರಗೆ ಹಂಚಕೂಡದೆಂದು ಆ ಕರಾರಿನಲ್ಲಿದ್ದರೆ, ಮಾತಿಗೆ ಒಪ್ಪಿ ಸಹಿ ಹಾಕಿದವನು ಮರೆಯಲ್ಲಿ ಹಂಚಿದುದು ದಾಸೋಹವೆನಿಸೀತೇ?

ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ಇಲ್ಲಿ ಸ್ಮರಿಸಬೇಕು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಆ ಅಕ್ಕಿಯೂ ಜಂಗಮ ದಾಸೋಹಕ್ಕೇ ಸಲ್ಲತಕ್ಕದ್ದಾಗಿತ್ತು. ಆದರೂ ಲಕ್ಕಮ್ಮನು ಒಪ್ಪಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಸಲ್ಲುವ ಸ್ಥಾನವು ಪವಿತ್ರವಾದ ಮಾತ್ರಕ್ಕೆ ಬಂದ ದಾರಿ ಶುದ್ಧವಾಗುವುದಿಲ್ಲವೆಂಬುದು ಆಕೆಯ ನಿಲವು. ಸತ್ಯಶುದ್ಧವಲ್ಲದ ಕಾಯಕದಿಂದ ದಾಸೋಹ ಸಲ್ಲದು.

ಹಾಗೆಂದು ಕರಾರಿನ ಕಾಗದವನ್ನು ಲೋಭಕ್ಕೆ ಹೊದಿಕೆಯಾಗಿ ಹೊದ್ದುಕೊಳ್ಳುವುದೂ ತರವಲ್ಲ. "ಕೊಡಲು ಮನಸ್ಸಿದೆ ತಾಯಿ, ಕಾಯಿದೆ ಬಿಡದು" ಎಂದು ಬಾಗಿಲಿನಿಂದಲೇ ಕಳುಹಿಸುವವನು ಕಾಯಿದೆಯನ್ನು ಓದಿಯೇ ಇರುವುದಿಲ್ಲ. ಮನಸ್ಸಿದ್ದವನು ಸಂಪರ್ಕ ಕೊಟ್ಟವರನ್ನೇ ಮೊದಲು ಕೇಳಿಯಾನು. ಹಂಚಲು ಆಸ್ಪದವಿರುವ ಕರಾರನ್ನು ಹುಡುಕಿಯಾನು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟವು ಒಪ್ಪಿದ 'ಪಿ.ಎಂ. ವಾಣಿ' ಎಂಬ ವ್ಯವಸ್ಥೆಯಲ್ಲಿ ಊರಿನ ಚಿಲ್ಲರೆ ಅಂಗಡಿಯವನೂ ಲೈಸೆನ್ಸಿಲ್ಲದೆ ವೈಫೈಯನ್ನು ಹತ್ತು ಜನರಿಗೆ ಒದಗಿಸಬಹುದು. ದಾರಿಯಿಲ್ಲವೆಂಬವನು ದಾರಿಯನ್ನು ಎಷ್ಟು ದೂರ ಹುಡುಕಿದನೆಂಬುದೇ ಅವನ ಮನಸ್ಸಿನ ಅಳತೆ.

ಎರಡನೆಯ ಶಂಕೆ ಹಂಚುವವನ ಅಹಂಕಾರಕ್ಕೆ ಸಂಬಂಧಿಸಿದುದು. ದೀಪದಿಂದ ದೀಪವನ್ನು ಹಚ್ಚಿದರೆ ಮೊದಲಿನ ದೀಪಕ್ಕೆ ಕೊರತೆಯಿಲ್ಲ. ಅಂತರ್ಜಾಲ ಹಾಗಲ್ಲ, ಅದು ಕಾಲುವೆಯ ನೀರಿನಂತೆ. ಕನ್ನಂಬಾಡಿಯ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯಲ್ಲಿ ಮೇಲಿನ ತೂಬಿನವರು ಮಿತಿಮೀರಿ ತಿರುಗಿಸಿಕೊಂಡರೆ ಕೊನೆಯ ಗದ್ದೆ ಒಣಗುತ್ತದೆಂಬುದನ್ನು ಪಾಂಡವಪುರದ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಹತ್ತು ಮನೆಗಳು ಒಂದೇ ಸಂಪರ್ಕದಲ್ಲಿ ಚಲನಚಿತ್ರ ನೋಡತೊಡಗಿದರೆ ಓದುವ ಹುಡುಗಿಗೆ ಉಳಿಯುವುದೇನು? ಆದ್ದರಿಂದ ಮಿತಿ ಬೇಕು, ಸರದಿ ಬೇಕು. ಸಂಪರ್ಕದಿಂದ ದುಷ್ಕೃತ್ಯವೇನಾದರೂ ನಡೆದರೆ ವಿಚಾರಣೆಯು ಮೊದಲು ಬರುವುದು ಯಾರ ಹೆಸರಿನಲ್ಲಿ ಸಂಪರ್ಕವಿದೆಯೋ ಅವನ ಬಾಗಿಲಿಗೆ. ಗುಪ್ತಪದದ ಕಾವಲೂ ಬೇಕು.

ಆದರೆ ಮಿತಿಯನ್ನು ಇಡುವವನು ಯಾವ ಭಾವದಿಂದ ಇಡಬೇಕು? ಇದಕ್ಕೆ ಹಳ್ಳಿಯ ನೀರುಗಂಟಿಯೇ ನಿದರ್ಶನ. ಕೆರೆಯ ತೂಬನ್ನು ಎತ್ತುವವನೂ ಇಳಿಸುವವನೂ ಅವನೇ. ಆದರೆ ಕೆರೆ ಅವನದಲ್ಲ, ನೀರೂ ಅವನದಲ್ಲ. ಗದ್ದೆಗೆ ನೀರು ಬಿಟ್ಟೆನೆಂದು ಅವನು ಯಾರಿಂದಲೂ ನಮಸ್ಕಾರವನ್ನು ನಿರೀಕ್ಷಿಸುವಂತಿಲ್ಲ. ಮುನಿಸಿಕೊಂಡ ದಿನ ತೂಬು ಮುಚ್ಚುವಂತಿಲ್ಲ. ಯಾರು ಏನು ಬೆಳೆದರೆಂದು ಇಣುಕುವುದು ಅವನ ಕೆಲಸವಲ್ಲ. ಅಂತರ್ಜಾಲವನ್ನು ಹಂಚುವ ಗೃಹಸ್ಥನೂ ಹೀಗೆ ಇರಬೇಕು. ನೆರೆಯ ಹುಡುಗಿ ಏನು ಓದಿದಳು, ಯಾರೊಡನೆ ಮಾತನಾಡಿದಳು ಎಂದು ಕದ್ದು ನೋಡುವವನು, ಜಗಳವಾದ ದಿನ ಗುಪ್ತಪದವನ್ನು ಬದಲಿಸುವವನು, ದಾಸೋಹಿಯಲ್ಲ. ಅವನು ಸಣ್ಣದೊಂದು ಪಾಳೆಯಗಾರನು.

ಮೂರನೆಯ ಶಂಕೆ ಎಲ್ಲಕ್ಕಿಂತ ಕಠಿನವಾದುದು. ಕರಾರು ಅಡ್ಡ ಬಂದಾಗಲೂ, ಡಬ್ಬಿಯ ತರಂಗ ತೆಂಗನ್ನು ದಾಟದಾಗಲೂ ಗೃಹಸ್ಥನ ಕೈಯಲ್ಲಿ ಸರಳವಾದ ಉಪಾಯವೊಂದು ಇದ್ದೇ ಇದೆ: ಆ ಹುಡುಗಿಯನ್ನು ತನ್ನ ಮನೆಗೆ ಕರೆದು ಜಗುಲಿಯ ಮೇಲೆ ಕೂರಿಸುವುದು. ಮನೆಗೆ ಬಂದ ಅತಿಥಿ ಒಂದು ಗಂಟೆ ಓದಿಕೊಂಡರೆ ಯಾವ ಕರಾರು ತಾನೇ ಮುರಿದೀತು? ಅದಕ್ಕೆ ತಾಮ್ರವೂ ಬೇಡ, ಬೆಸುಗೆಯೂ ಬೇಡ. ಹೀಗಿರುವಾಗ ಈ ಉಪಾಯ ಮೊದಲು ಹೊಳೆಯದೆ ಡಬ್ಬಿಯೇ ಮೊದಲು ಹೊಳೆದುದೇಕೆ?

ಇದಕ್ಕೆ ನಿರ್ದೋಷವಾದ ಕಾರಣಗಳಿರಬಹುದು. ರಾತ್ರಿಯ ಹೊತ್ತು ಹೆಣ್ಣುಮಗಳು ತೋಟ ದಾಟಿ ಬರುವುದು ಕಷ್ಟ. ದಿನವೂ ಪರರ ಜಗುಲಿಯಲ್ಲಿ ಕೂರುವುದು ಅವಳ ಮಾನಕ್ಕೆ ಭಾರವಾದೀತು. ತನ್ನ ಮನೆಯಲ್ಲಿಯೇ ತಲೆಯೆತ್ತಿ ಓದಲಿ ಎಂದು ಆಂಟೆನಾ ನಿಲ್ಲಿಸಿದ್ದರೆ ಅದು ಜಗುಲಿಗಿಂತಲೂ ಹಿರಿದಾದ ಔದಾರ್ಯ. ಆದರೆ ಆ ಕೇರಿಯವರು ಹೊಸ್ತಿಲು ತುಳಿಯದೆ ಇರಲಿ ಎಂದು ಗಾಳಿಯಲ್ಲಿ ಕೊಟ್ಟಿದ್ದರೆ? ಆಗ ತರಂಗವು ಗೋಡೆಯನ್ನು ದಾಟಿತು, ಮನಸ್ಸು ದಾಟಲಿಲ್ಲ. ಹಿಂದೆ ಅನ್ನವನ್ನು ದೂರದಿಂದ ನೀಡುತ್ತಿದ್ದ ಕೈಯೇ ಇಂದು ಅಂತರ್ಜಾಲವನ್ನು ದೂರದಿಂದ ನೀಡಿದಂತಾಯಿತು. ಕಲ್ಯಾಣದ ಮಹಾಮನೆಯ ಹಿರಿಮೆ ಅಲ್ಲಿ ಬೆಂದ ಅಕ್ಕಿಯ ಮೊತ್ತದಲ್ಲಿರಲಿಲ್ಲ. ಎಲ್ಲ ಕುಲದವರೂ ಒಂದೇ ಬಾಗಿಲಿನಿಂದ ಒಳಗೆ ಬಂದುದರಲ್ಲಿತ್ತು.

ಆದುದರಿಂದ ಎರಡೂ ಸಂದರ್ಭಗಳಲ್ಲಿ ಡಬ್ಬಿ ಒಂದೇ, ತಂತಿ ಒಂದೇ, ತರಂಗವೂ ಒಂದೇ. ಒಂದು ದಾಸೋಹವಾಗುತ್ತದೆ, ಇನ್ನೊಂದು ದಾನವೂ ಆಗದೆ ಹೋಗುತ್ತದೆ. ಇದನ್ನು ಹೊರಗಿನವರು ನಿರ್ಣಯಿಸಲಾರರು. ಗೃಹಸ್ಥನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಮಳೆಗಾಳಿಗೆ ಡಬ್ಬಿ ಕಳಚಿ ಬಿದ್ದ ದಿನ ಆ ಹುಡುಗಿ ಪುಸ್ತಕ ಹಿಡಿದು ಬಂದರೆ, ಬಾಗಿಲು ತೆರೆದು "ಬಾ ಮಗಳೇ, ಒಳಗೆ ಬಾ" ಎನ್ನಲು ತಾನು ಸಿದ್ಧನೇ? ಹೌದೆನ್ನುವವನು ನಿಶ್ಚಿಂತೆಯಿಂದ ಮಾಳಿಗೆ ಹತ್ತಿ ಆಂಟೆನಾವನ್ನು ನಿಲ್ಲಿಸಲಿ. ಅನುಮಾನವುಳ್ಳವನು ಮೊದಲು ಬಾಗಿಲನ್ನು ತೆರೆದು, ಆಮೇಲೆ ಮಾಳಿಗೆ ಹತ್ತಲಿ.