ಲೇತಿನ ಮುಂದೆ ಕಲಿತ ಹದ

ಲೇತಿನಲ್ಲಿ ಉಕ್ಕಿನ ಜಾಬ್ ತಿರುಗುತ್ತಿರುವಾಗ ಟೂಲ್ ಮೊಂಡಾದದ್ದು ಪಳಗಿದ ಟರ್ನರ್‌ಗೆ ಸದ್ದಿನಲ್ಲೇ ಗೊತ್ತಾಗುತ್ತದೆ. ಮೈಕ್ರೋಮೀಟರ್ ಇನ್ನೂ ಕೈಗೆ ಬಂದಿರುವುದಿಲ್ಲ, ಜಾಬಿನ ಮೈ ಒರಟಾದದ್ದು ಕಣ್ಣಿಗೆ ಬಿದ್ದಿರುವುದಿಲ್ಲ. ಆಗಲೇ ಅವನು ಫೀಡ್ ಬಿಡಿಸಿರುತ್ತಾನೆ. ಹೇಗೆ ತಿಳಿಯಿತೆಂದು ಪಕ್ಕದಲ್ಲಿ ನಿಂತ ಹೊಸ ಹುಡುಗ ಕೇಳಿದರೆ, "ಸೌಂಡ್ ಕೇಳಿಸಲ್ವೇನೋ?" ಎಂಬುದೇ ಉತ್ತರ. ಹುಡುಗನಿಗೆ ಕೇಳಿಸಿದ್ದು ಬರೀ ಗದ್ದಲ. ಇಬ್ಬರ ಕಿವಿಗೂ ಬಿದ್ದದ್ದು ಒಂದೇ ಸದ್ದು. ಒಬ್ಬನಿಗೆ ಅದು ಜ್ಞಾನವಾಯಿತು.

ಯಾವ ಬಗೆಯ ಜ್ಞಾನ ಇದು? ಭಾರತೀಯ ದರ್ಶನಗಳಲ್ಲಿ ಇದಕ್ಕೆ ತೀರ ಹತ್ತಿರದ ಚರ್ಚೆಯೊಂದಿದೆ. ಅದರ ಉದಾಹರಣೆ ಕನ್ನಡಿಗರಿಗೆ ಆಪ್ತವಾದ ಗಂಧದ ಕೊರಡು. ದೂರದ ಕೊರಡನ್ನು ಕಣ್ಣಿಂದ ಕಂಡವನು ಅದನ್ನು ಪರಿಮಳದ ಗಂಧವೆಂದೇ ಕಾಣುತ್ತಾನೆ. ವಾಸನೆ ಮಾತ್ರ ಮೂಗಿಗೆ ಮುಟ್ಟಿಲ್ಲ. ಹಿಂದಿನ ಅನುಭವ ಇಂದ್ರಿಯದ ಜೊತೆಗೂಡಿ ಪರಿಮಳವನ್ನೂ ಪ್ರತ್ಯಕ್ಷವಾಗಿಸುತ್ತದೆ ಎಂದ ನವ್ಯನೈಯಾಯಿಕರು ಇದನ್ನು ಜ್ಞಾನಲಕ್ಷಣ ಸನ್ನಿಕರ್ಷ ಎಂದು ಕರೆದರು. ಅದ್ವೈತದ 'ವೇದಾಂತ ಪರಿಭಾಷಾ' ಇದನ್ನು ಒಪ್ಪುವುದಿಲ್ಲ: ಕೊರಡಿನ ಮಟ್ಟಿಗೆ ಪ್ರತ್ಯಕ್ಷ, ಪರಿಮಳದ ಮಟ್ಟಿಗೆ ಪರೋಕ್ಷ. ಟರ್ನರ್‌ನ ವಿಚಾರದಲ್ಲಿ ಮೊದಲ ಪಕ್ಷವೇ ಸರಿಯೆನಿಸುತ್ತದೆ. ಅವನು ಸದ್ದು ಕೇಳಿ, ಇಂಥ ಸದ್ದಿದ್ದಲ್ಲಿ ಮೊಂಡುತನ ಇದ್ದೇ ಇರುತ್ತದೆಂಬ ವ್ಯಾಪ್ತಿಯನ್ನು ನೆನೆದು, ಆಮೇಲೆ ಊಹಿಸುವುದಿಲ್ಲ. ಟೂಲಿನ ಮೊಂಡುತನವೇ ಅವನಿಗೆ ಕೇಳಿಸುತ್ತದೆ.

ಕನ್ನಡದಲ್ಲಿ ಇದಕ್ಕೆ 'ಹದ' ಎಂಬ ಮಾತಿದೆ. ಪಾಕಕ್ಕೆ ಹದ, ಮಣ್ಣಿಗೆ ಹದ, ಕುಲುಮೆಯ ಕಬ್ಬಿಣಕ್ಕೆ ಹದ. ಇದನ್ನು ಸೂತ್ರವಾಗಿ ಬರೆದುಕೊಡಹೊರಟರೆ ಸೂತ್ರ ಬೇಗ ಸೋಲುತ್ತದೆ. ಹೈಸ್ಪೀಡ್ ಸ್ಟೀಲ್ ಟೂಲಿನಿಂದ ಉಕ್ಕು ಕತ್ತರಿಸುವಾಗ ಹೊರಬರುವ ಸುರುಳಿ ನೀಲಿಗೆ ತಿರುಗಿದರೆ ಶಾಖ ಹೆಚ್ಚಾಯಿತೆಂದು ಅರ್ಥ, ಸ್ಪೀಡ್ ಇಳಿಸಬೇಕು. ಕಾರ್ಬೈಡ್ ಟಿಪ್ ಹಾಕಿದಾಗ ಅದೇ ನೀಲಿ ಸಹಜ. 'ನೀಲಿ ಕಂಡರೆ ನಿಲ್ಲಿಸು' ಎಂದು ಬರೆದುಕೊಂಡ ಹುಡುಗ ಅಲ್ಲಿ ಸುಮ್ಮಸುಮ್ಮನೆ ಮೆಷಿನ್ ನಿಲ್ಲಿಸುತ್ತಾನೆ. ನಿಯಮ ಎಲ್ಲಿ ಸಲ್ಲುತ್ತದೆ ಎಂಬುದಕ್ಕೆ ಇನ್ನೊಂದು ನಿಯಮ, ಅದಕ್ಕೂ ಮತ್ತೊಂದು ಬೇಕಾಗುತ್ತದೆ. ತತ್ತ್ವಜ್ಞಾನಿ ಗಿಲ್ಬರ್ಟ್ ರೈಲ್ 1949ರ 'ದಿ ಕಾನ್ಸೆಪ್ಟ್ ಆಫ್ ಮೈಂಡ್' ಕೃತಿಯಲ್ಲಿ ಇಂಥ ಕೊನೆಮುಟ್ಟದ ಅನವಸ್ಥೆಯನ್ನೇ ತೋರಿಸಿ, ಮಾಡಬಲ್ಲ ಅರಿವನ್ನು ಹೇಳಬಲ್ಲ ಅರಿವಿಗೆ ಇಳಿಸಲಾಗದು ಎಂದು ವಾದಿಸಿದ.

ಕಾರ್ಖಾನೆಗಳು ಹಿಡಿದ ದಾರಿ ಬೇರೆ. ಕಾರ್ಮಿಕರಲ್ಲಿ ಹರಡಿಕೊಂಡಿರುವ ತಿಳಿವನ್ನೆಲ್ಲ ಆಡಳಿತದವರು ಕಲೆಹಾಕಿ ನಿಯಮಗಳಾಗಿಸಬೇಕು, ಯೋಚನೆ ಅವರದು, ಕೈಕೆಲಸ ಇವರದು ಆಗಬೇಕು ಎಂದು 1911ರಲ್ಲಿ ಬರೆದ ಫ್ರೆಡರಿಕ್ ಟೇಲರ್ ಸ್ವತಃ ಶಾಪಿನಲ್ಲಿ ಅಪ್ರೆಂಟಿಸ್ ಆಗಿ ದುಡಿದವನು. ಉತ್ಪಾದನೆ ಹೆಚ್ಚಿತು, ನಿಜ. ಆದರೆ ತಿಳಿದವನನ್ನು ಬರೀ ಕೈಯಾಗಿಸಿದ್ದು ಸಣ್ಣ ಬೆಲೆಯಲ್ಲ.

ಹನ್ನೆರಡನೆಯ ಶತಮಾನದ ಶರಣರು ಈ ವಿಂಗಡಣೆಯನ್ನು ಒಪ್ಪಲಿಲ್ಲ. ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ: ಕಾಯಕ ಹೆಸರಿನಲ್ಲೇ ಉಳಿಯಿತು, ತತ್ತ್ವವನ್ನು ನುಡಿದವರೂ ಇವರೇ. ಕಾಯಕವನ್ನು ಕಾರ್ಖಾನೆಯ ಗೋಡೆಬರಹಕ್ಕೆ ಇಳಿಸಿ, ಹೆಚ್ಚು ಹೊತ್ತು ದುಡಿಸುವ ನೆಪವಾಗಿಸುವುದು ಅನ್ಯಾಯ. ಅದರಲ್ಲಿ ಮಾಡುವವರ ಅರಿವಿಗೂ ನುಡಿಗೂ ಪಾಲಿದೆ.

ಹದ ಹತ್ತಬೇಕಾದರೆ ಹಿರಿಯನ ಪಕ್ಕದಲ್ಲಿ ನಿಲ್ಲಬೇಕು, ತಪ್ಪನ್ನೂ ಮಾಡಬೇಕು. 1961ರ ಅಪ್ರೆಂಟಿಸ್ ಕಾಯ್ದೆ ಮೊದಲನೆಯದಕ್ಕೆ ದಾರಿ ಮಾಡಿತು. ಎರಡನೆಯದು ಆಯಾ ಶಾಪಿನ ನಡವಳಿಕೆಗೆ ಬಿಟ್ಟದ್ದು. ರಿಜೆಕ್ಟ್ ಆದ ಪೀಸಿಗೆ ಸಂಬಳ ಹಿಡಿಯುವ ಕಡೆ ಹುಡುಗ ಮೊದಲು ಕಲಿಯುವುದು ಪೀಸನ್ನು ಬಚ್ಚಿಡುವುದನ್ನು. ಟೊಯೋಟಾ ಪದ್ಧತಿಯಲ್ಲಿ ದೋಷ ಕಂಡ ಕಾರ್ಮಿಕನೇ ಹಗ್ಗ ಎಳೆದು ಲೈನ್ ನಿಲ್ಲಿಸಬಹುದು. ಅಲ್ಲಿ ಅವನ ಕಾಣ್ಕೆಗೆ ಪ್ರಮಾಣದ ಬೆಲೆಯಿದೆ. ವಿಷಯವನ್ನು ನೇರವಾಗಿ ಕಂಡು, ಕಂಡಂತೆ ಹೇಳುವವನೇ ಆಪ್ತ, ಅಂದರೆ ನಂಬತಕ್ಕವನು, ಈ ಲಕ್ಷಣ ಋಷಿ, ಆರ್ಯ, ಮ್ಲೇಚ್ಛ ಮೂವರಿಗೂ ಸಮಾನ ಎಂದ ನ್ಯಾಯಭಾಷ್ಯಕಾರ ವಾತ್ಸ್ಯಾಯನನ ಮಾತು ಶಾಪ್‌ಫ್ಲೋರಿಗೂ ಸಲ್ಲುತ್ತದೆ.

ಕಂಪ್ಯೂಟರ್ ನಡೆಸುವ ಇಂದಿನ ಸಿಎನ್‌ಸಿ ಯಂತ್ರ ಬಾಗಿಲು ಮುಚ್ಚಿಕೊಂಡೇ ಓಡುತ್ತದೆ, ಕೂಲಂಟ್ ಗಾಜಿಗೆ ರಾಚುತ್ತಿರುತ್ತದೆ. ಟೂಲ್ ಸವೆದದ್ದನ್ನು ಸ್ಪಿಂಡಲ್ ಲೋಡಿನ ಅಂಕಿಯಿಂದ ಗುರುತಿಸಿ ಅಲಾರಂ ಕೊಡುವ ಏರ್ಪಾಡು ಈಗ ಇದೆ. ಯಂತ್ರದ್ದು ಗುರುತಿನಿಂದ ಊಹಿಸುವ ಅನುಮಾನವೇ, ಗಂಧದ ವಿಷಯದಲ್ಲಿ ಅದ್ವೈತಿ ಹೇಳಿದ ಪರೋಕ್ಷ. ಆದರೆ ಅಲಾರಂ ಎಷ್ಟಕ್ಕೆ ಕೂಗಬೇಕೆಂದು ಗೊತ್ತುಮಾಡಲು ಮೊದಲು ಟ್ರಯಲ್ ಕಟ್ ತೆಗೆಯಬೇಕು. ಆಗ ಟೂಲ್ ಇನ್ನೂ ಚೆನ್ನಾಗಿದೆಯೇ, ಕೆಡುತ್ತಿದೆಯೇ ಎಂದು ತೀರ್ಮಾನಿಸಲು ಗಾಜಿನ ಬಾಗಿಲಿಗೆ ಕಿವಿಗೊಟ್ಟು ನಿಲ್ಲುವವನು ಹಳೆಯ ಲೇತಿನಲ್ಲಿ ಪಳಗಿದವನೇ.