ಸೋಂಕು, ಮೈಲಿಗೆ, ಪಾಪ

ಸಾರ್ವಜನಿಕ ಶೌಚಾಲಯದ ಆಸನದಿಂದ ಲೈಂಗಿಕ ರೋಗಗಳು ಹರಡುತ್ತವೆಯೇ ಎಂಬ ಪ್ರಶ್ನೆ ವೈದ್ಯಶಾಸ್ತ್ರದ ಮಟ್ಟಿಗೆ ಬಹುತೇಕ ಇತ್ಯರ್ಥವಾಗಿದೆ. 1879ರಲ್ಲಿ ಆಲ್ಬರ್ಟ್ ನೈಸರ್ ಗುರುತಿಸಿದ ಗೊನೋರಿಯಾದ ರೋಗಾಣುವಾಗಲಿ, 1905ರಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಕಂಡುಹಿಡಿದ ಸಿಫಿಲಿಸ್‌ನ ಸುರುಳಿಯಾಕಾರದ ರೋಗಾಣುವಾಗಲಿ ದೇಹದ ತೇವ ಮತ್ತು ಶಾಖದಿಂದ ಹೊರಬಿದ್ದು ಒಣಗಿದರೆ ಬೇಗನೆ ಸಾಯುತ್ತದೆ. ಎಚ್‌ಐವಿ ಆಸನದ ಸ್ಪರ್ಶದಿಂದ ಹರಡುವುದಿಲ್ಲ. ಟ್ರೈಕೊಮೊನಾಸ್ ಎಂಬ ಏಕಕೋಶಜೀವಿ ಒದ್ದೆಯಾದ ಮೇಲ್ಮೈಯಲ್ಲಿ ಕೆಲಕಾಲ ಉಳಿಯಬಲ್ಲುದಾದರೂ ಅದು ಹರಡುವ ಸಾಮಾನ್ಯ ಮಾರ್ಗ ಸಂಭೋಗವೇ. ಶೌಚಾಲಯದಲ್ಲಿ ನಿಜವಾಗಿ ಅಂಜಬೇಕಾದದ್ದು ಮಲದಿಂದ ಕೈಗೆ, ಕೈಯಿಂದ ಬಾಯಿಗೆ ಸಾಗುವ ಆಮಶಂಕೆ, ಹೆಪಟೈಟಿಸ್-ಎ ಮೊದಲಾದ ರೋಗಗಳಿಗೆ. ಈ ತಿಳಿವಳಿಕೆ ಬಂದ ಮೇಲೂ ಆಸನದ ಭಯ ಉಳಿದುಕೊಂಡಿರುವುದಕ್ಕೆ ಕಾರಣವನ್ನು ನೀತಿಯ ಕ್ಷೇತ್ರದಲ್ಲಿ ಹುಡುಕಬೇಕಾಗುತ್ತದೆ.

1894ರಲ್ಲಿ ನ್ಯೂಯಾರ್ಕಿನ ಚರ್ಮವೈದ್ಯ ಡಂಕನ್ ಬಲ್ಕ್ಲಿ ‘ನಿರಪರಾಧಿಗಳ ಸಿಫಿಲಿಸ್’ ಎಂಬ ವಿಷಯಕ್ಕೇ ಒಂದು ಗ್ರಂಥವನ್ನು ಮೀಸಲಿಟ್ಟನು. ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ವಸ್ತುಗಳ ಸ್ಪರ್ಶದಿಂದಲೂ ರೋಗ ತಗುಲೀತೆಂಬ ಅಂಜಿಕೆಯಿಂದ ಯುದ್ಧನೌಕೆಗಳ ಬಾಗಿಲ ಹಿಡಿಗಳನ್ನು ತೆಗೆಸಿತೆಂದು ಇತಿಹಾಸಕಾರ ಆಲನ್ ಬ್ರಾಂಟ್ ದಾಖಲಿಸಿದ್ದಾರೆ. ಗಂಡನಿಂದ ರೋಗ ಪಡೆದ ಹೆಂಡತಿಯೂ ಗರ್ಭದಲ್ಲಿಯೇ ಸೋಂಕಿಗೆ ಒಳಗಾದ ಮಗುವೂ ನಿಂದೆಗೆ ಗುರಿಯಾಗಬಾರದೆಂಬ ಕಾಳಜಿ ‘ನಿರಪರಾಧಿ’ ಎಂಬ ಕಲ್ಪನೆಯೊಳಗೆ ಇಲ್ಲದಿರಲಿಲ್ಲ. ಆದರೆ ಕೆಲವು ರೋಗಿಗಳನ್ನು ಹಾಗೆಂದು ಬೇರ್ಪಡಿಸಿದೊಡನೆ ಉಳಿದವರೆಲ್ಲ ಅಪರಾಧಿಗಳೆಂಬ ತೀರ್ಪು ತಾನಾಗಿಯೇ ಹೊರಬೀಳುತ್ತದೆ. ಶೌಚಾಲಯದ ಮೇಲೆ ಹೊರಿಸುವ ಆರೋಪ ಒಬ್ಬ ವ್ಯಕ್ತಿಯನ್ನು ಆ ತೀರ್ಪಿನಿಂದ ಪಾರುಮಾಡುತ್ತದೆ, ತೀರ್ಪನ್ನು ಮಾತ್ರ ಅಲುಗಿಸುವುದಿಲ್ಲ.

ಭಾರತೀಯ ಚಿಂತನೆಯಲ್ಲಿಯೂ ಈ ಇಕ್ಕಟ್ಟು ಹಳೆಯದು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ, ಅಂದರೆ ರೋಗಕಾರಣಗಳನ್ನು ವಿಚಾರಿಸುವ ಭಾಗದಲ್ಲಿ, ಕುಷ್ಠವನ್ನು ಕುರಿತ ಅಧ್ಯಾಯವು ಆ ರೋಗ ಪಾಪಕರ್ಮದಿಂದ ಹುಟ್ಟುತ್ತದೆ ಎನ್ನುತ್ತದೆ. ಅದೇ ಅಧ್ಯಾಯವು ನಿಕಟ ಸಂಸರ್ಗ, ಮೈಸೋಂಕು, ಉಸಿರು, ಸಹಭೋಜನ, ಒಂದೇ ಹಾಸಿಗೆ ಹಾಗೂ ಒಂದೇ ಆಸನದ ಬಳಕೆ ಇವುಗಳಿಂದ ಕುಷ್ಠ, ಜ್ವರ ಮೊದಲಾದವು ಮನುಷ್ಯನಿಂದ ಮನುಷ್ಯನಿಗೆ ದಾಟುತ್ತವೆ ಎಂದೂ ಹೇಳುತ್ತದೆ. ಈ ಎರಡು ವಿವರಣೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಕರ್ಮಸಿದ್ಧಾಂತಕ್ಕೆ ತೊಡಕೊಂದು ಎದುರಾಗುತ್ತದೆ. ಮಾಡದ ಕರ್ಮದ ಫಲ ಬಂದೊದಗುವುದನ್ನು ದಾರ್ಶನಿಕರು ‘ಅಕೃತಾಭ್ಯಾಗಮ’ ಎಂದು ಕರೆದು ಅದನ್ನು ಒಂದು ದೋಷವೆಂದು ಎಣಿಸಿದರು. ರೋಗವು ರೋಗಿಯ ಪಾಪದ ಫಲವೇ ಆಗಿದ್ದರೆ, ಅವನ ಪಕ್ಕದಲ್ಲಿ ಕುಳಿತವನಿಗೆ ಅದು ಹೇಗೆ ಸಲ್ಲುತ್ತದೆ? ಪೂರ್ವಜನ್ಮದ ಕರ್ಮವನ್ನು ಮುಂದಿಟ್ಟು ಈ ಪ್ರಶ್ನೆಗೆ ಸಮಾಧಾನ ಹೇಳಬಹುದು. ಆದರೆ ಪ್ರತಿಯೊಂದು ಸೋಂಕಿನ ಹಿಂದೆಯೂ ಕಾಣದ ತಪ್ಪೊಂದನ್ನು ಊಹಿಸಹೊರಟರೆ, ಕಣ್ಣೆದುರಿನ ಕಾರಣವನ್ನು ವಿಚಾರಿಸುವ ಹೊಣೆ ಸಡಿಲವಾಗುತ್ತದೆ.

ಮೈಲಿಗೆಯ ಕಲ್ಪನೆ ಈ ತೊಡಕನ್ನು ಇನ್ನಷ್ಟು ಬಿಗಿಗೊಳಿಸಿತು. ಧರ್ಮಶಾಸ್ತ್ರದ ದ್ರವ್ಯಶುದ್ಧಿಪ್ರಕರಣದಲ್ಲಿ, ಅಂದರೆ ವಸ್ತುಗಳನ್ನು ಶುದ್ಧಗೊಳಿಸುವ ಕ್ರಮವನ್ನು ಹೇಳುವ ಭಾಗದಲ್ಲಿ, ಹೊಲಸು ತಗುಲಿದ ವಸ್ತುವನ್ನು ಅದರ ಲೇಪವೂ ವಾಸನೆಯೂ ಹೋಗುವವರೆಗೆ ಮಣ್ಣು, ನೀರುಗಳಿಂದ ತೊಳೆಯಬೇಕೆಂಬ ವಿವೇಕದ ವಿಧಿ ಮನುಸ್ಮೃತಿಯಲ್ಲಿದೆ. ಅಂಥ ಅಶುದ್ಧಿಗೆ ಕೊನೆಯುಂಟು. ಹುಟ್ಟಿನಿಂದ ಬಂದದ್ದೆಂದು ಭಾವಿಸಿದ ಮೈಲಿಗೆಯನ್ನಾದರೋ ಯಾವ ನೀರೂ ತೊಳೆಯಲಾರದಾಯಿತು, ಶೌಚಾಲಯವನ್ನು ಶುಚಿಗೊಳಿಸುವವರೇ ಅಶುಚಿಗಳೆನಿಸಿಕೊಳ್ಳುವ ವೈಪರೀತ್ಯ ಅದರಿಂದಲೇ ಬೆಳೆಯಿತು. ಹನ್ನೆರಡನೆಯ ಶತಮಾನದ ಶರಣರ ಪರಂಪರೆ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಅಲ್ಲಗಳೆದಾಗ ದೇಹದ ಸ್ಥಿತಿಯಿಂದ ವ್ಯಕ್ತಿಯ ಯೋಗ್ಯತೆಯನ್ನು ಅಳೆಯುವ ಕ್ರಮವನ್ನೇ ಪ್ರಶ್ನಿಸಿತು. ಎಚ್‌ಐವಿ ಸೋಂಕಿತರಿಗೆ ಸಾರ್ವಜನಿಕ ಸೌಕರ್ಯಗಳನ್ನು ನಿರಾಕರಿಸಬಾರದೆಂದು ವಿಧಿಸುವ 2017ರ ಭಾರತೀಯ ಕಾಯಿದೆಯ ಹಿಂದೆ ಇರುವ ನ್ಯಾಯವೂ ಇದಕ್ಕೆ ದೂರವಾದದ್ದಲ್ಲ.

ಮನೆಯ ಮರ್ಯಾದೆ ಉಳಿಯಲೆಂದು ಸೋಂಕನ್ನು ಶೌಚಾಲಯದ ತಲೆಗೆ ಕಟ್ಟುವ ಹುಸಿಗೆ ಒಂದು ನೈತಿಕ ಸಮರ್ಥನೆ ಸಾಧ್ಯವೆಂಬುದನ್ನು ಅಲ್ಲಗಳೆಯಲಾಗದು. ಯೋಗಸೂತ್ರಕ್ಕೆ ಬರೆದ ಭಾಷ್ಯದಲ್ಲಿ ವ್ಯಾಸನು ಸತ್ಯವಚನ ಸಕಲ ಜೀವಿಗಳ ಉಪಕಾರಕ್ಕಾಗಿ ಇರುವುದೆಂದೂ, ಜೀವಿಗಳಿಗೆ ಘಾತಕವಾದ ಮಾತು ಸತ್ಯವೆನಿಸದೆಂದೂ ಹೇಳುವುದರಿಂದ, ಸಂಸಾರವನ್ನು ಒಡೆಯಬಲ್ಲ ನಿಜಕ್ಕಿಂತ ಅದನ್ನು ಉಳಿಸುವ ಹುಸಿ ಮೇಲೆಂದು ವಾದಿಸಬಹುದು. ಆದರೆ ಆ ವಾದ ತನ್ನದೇ ಅಳತೆಗೋಲಿನಲ್ಲಿ ಸೋಲುತ್ತದೆ: ಆಸನವೇ ಕಾರಣವೆಂದು ನಂಬಿದ ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ದೊರೆತರೆ ಇನ್ನೊಬ್ಬರಿಂದ ಸೋಂಕು ಮರಳಿ ಬರುತ್ತದೆ, ಚಿಕಿತ್ಸೆಯಿಲ್ಲದ ಸಿಫಿಲಿಸ್ ಗರ್ಭದಲ್ಲಿರುವ ಶಿಶುವಿಗೆ ದಾಟುತ್ತದೆ, ಗೊನೋರಿಯಾ ಹೆರಿಗೆಯ ವೇಳೆ ಶಿಶುವಿನ ಕಣ್ಣಿಗೆ ತಗುಲಿ ಕುರುಡುತನವನ್ನೂ ತರಬಲ್ಲುದು. ಇಲ್ಲಿ ಘಾತಕವಾಗುವುದು ಹುಸಿಯೇ.

ಹಾಗಿದ್ದರೂ ನಿಜ ಹೇಳಿದವರಿಗೆ ಅವಮಾನ ಕಾದಿರುವ ಸಮಾಜದಲ್ಲಿ ಸತ್ಯದ ಹೊಣೆಯನ್ನು ರೋಗಿಯೊಬ್ಬರ ಮೇಲೆಯೇ ಹೊರಿಸುವುದು ಅನ್ಯಾಯ. ವಂಚನೆ ನಡೆದಿದ್ದರೆ ಅದು ವಂಚಿತರ ಮತ್ತು ವಂಚಿಸಿದವರ ನಡುವೆ ವಿಚಾರಣೆಗೆ ಬರಬೇಕಾದ ದೋಷವೇ ಹೊರತು, ರೋಗ ಅದಕ್ಕೆ ಸಾಕ್ಷಿಯೂ ಅಲ್ಲ, ಶಿಕ್ಷೆಯೂ ಅಲ್ಲ. ವಂಚಿಸಿದವನು ಆರೋಗ್ಯವಾಗಿದ್ದು ನಂಬಿದವಳು ನರಳುವುದು ಲೋಕದಲ್ಲಿ ಸಾಮಾನ್ಯ. ಸೋಂಕು ಶೀಲವನ್ನು ವಿಚಾರಿಸಿ ಬರುವುದಿಲ್ಲವೆಂದು ಒಪ್ಪಿದ ಸಮಾಜದಲ್ಲಿ ರೋಗಿಯು ತಾನು ನಿರಪರಾಧಿಯೆಂದು ಸಾಧಿಸಬೇಕಾದ ಅಗತ್ಯ ಇರುವುದಿಲ್ಲವಾದ್ದರಿಂದ, ಶೌಚಾಲಯದ ಮೇಲೆ ಆರೋಪ ಹೊರಿಸಬೇಕಾದ ಅಗತ್ಯವೂ ಉಳಿಯುವುದಿಲ್ಲ.