ಅಳತೆಗೆ ಸಿಗದ ಮನುಷ್ಯ

ಯುದ್ಧದ ಬಾಂಬರ್ ವಿಮಾನವನ್ನು ಒಂದು ರಿವೆಟ್ಟೂ ತಪ್ಪದಂತೆ ಪುಟ್ಟದಾಗಿ ಮಾಡಿ ಮೇಜಿನ ಮೇಲಿಡುವುದು ಸರಿಯೆ? ಉಳ್ಳವರ ಹವ್ಯಾಸ, ನಮಗೇನು ಅಂತ ತಳ್ಳಿಹಾಕಬಹುದು. ಆದರೆ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ನಮ್ಮ ಹುಡುಗರು ರಟ್ಟಿನಲ್ಲಿ ಯುದ್ಧವಿಮಾನ ಮಾಡಿದರೆ ಚಪ್ಪಾಳೆ ತಟ್ಟುವವರು ನಾವೇ.

ದೊಡ್ಡಮಳೂರಿನಲ್ಲಿ ನಿಂತರೆ ಈ ಪ್ರಶ್ನೆ ಇನ್ನೂ ಹತ್ತಿರಕ್ಕೆ ಬರುತ್ತೆ. ಪಕ್ಕದಲ್ಲೇ ಚನ್ನಪಟ್ಟಣ. ಹಾಲೆ ಮರವನ್ನು ಲೇತಿಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸಿ, ಮಗುವಿನ ಕೈಗೆ ಚುಚ್ಚದಂಥ ಬೊಂಬೆ ಮಾಡುವ ಊರು. ಇದೇ ರಸ್ತೆ ಹಿಡಿದು ಹೋದರೆ ಬೆಂಗಳೂರು. 1940ರಲ್ಲಿ ಅಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ವಿಮಾನಗಳು ಅಲ್ಲಿ ರಿಪೇರಿಯಾದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು ಈ ಕಾರ್ಖಾನೆಯವರು ಬೆಂಗಳೂರಿಗೆ ಹಾರಿಸಿ ತಂದು ಸರಿಮಾಡಿದರು. 1948ರಲ್ಲಿ ವಾಯುಪಡೆಗೆ ಸೇರಿದ ಅವು 1968ರವರೆಗೆ ದುಡಿದವು. ದುಡಿದ ಕೈಗಳ ಚಳಕ ಸಾಮಾನ್ಯದ್ದಲ್ಲ. ಆದರೆ ಲಿಬರೇಟರ್ ಅಂದರೆ ವಿಮೋಚಕ! ನೆತ್ತಿಯ ಮೇಲೆ ಬಾಂಬು ಸುರಿಯುವ ಯಂತ್ರಕ್ಕೆ ಎಂಥ ಹೆಸರು!

ಈಗ ಲೆಕ್ಕಕ್ಕೆ ಬರೋಣ. ಮಾದರಿ ಮಾಡುವವರಲ್ಲಿ ರೂಢಿಯಾದ ಅಳತೆ 72ಕ್ಕೆ 1. ಲಿಬರೇಟರಿನ ರೆಕ್ಕೆಯ ಹರವು 110 ಅಡಿ. ಮಾದರಿಯಲ್ಲಿ ಒಂದೂವರೆ ಅಡಿ. ಯುರೋಪಿನ ಮೇಲೆ ಇವು ಸುಮಾರು 20,000 ಅಡಿ ಎತ್ತರದಿಂದ ಬಾಂಬು ಹಾಕುತ್ತಿದ್ದವು. ಅದನ್ನೂ ಇದೇ ಅಳತೆಗೆ ಇಳಿಸಿದರೆ ಸುಮಾರು 278 ಅಡಿ. ಅಂದರೆ ಮಾದರಿಯನ್ನು ಮೇಜಿನ ಮೇಲಿಡುವಂತಿಲ್ಲ. ಮೂರು ತೆಂಗಿನಮರ ಒಂದರ ಮೇಲೊಂದು ನಿಲ್ಲಿಸಿ ಅದರ ತುದಿಗೆ ತೂಗುಹಾಕಬೇಕು. ಕೆಳಗಿರುವ ಮನುಷ್ಯ ಒಂದಂಗುಲವೂ ಇರುವುದಿಲ್ಲ.

ಒಂದು ರಿವೆಟ್ಟನ್ನೂ ಬಿಡದವರು ಈ ದೂರವನ್ನು ಬಿಟ್ಟುಬಿಟ್ಟರು. ಆ ಯಂತ್ರದ ಜೀವ ಇರುವುದೇ ದೂರದಲ್ಲಿ. ಮುಖ ಕಾಣದಷ್ಟು ದೂರ ನಿಂತಾಗ ಕೊಲ್ಲುವುದು ಬರೀ ಕೆಲಸವಾಗುತ್ತೆ. ನಮಗಿದು ಹೊಸ ಪಾಠವಲ್ಲ. ಊರಾಚೆ ಕೇರಿ ಇಟ್ಟವರು, ಬೊಗಸೆಗೆ ಮೇಲಿಂದ ನೀರು ಹುಯ್ದವರು ಈ ದೂರದ ವಿದ್ಯೆ ಕಲಿತೇ ಇದ್ದರು. ಅವರಿಗೆ ವಿಮಾನ ಬೇಕಾಗಲಿಲ್ಲ.

ಹಾಗಾದರೆ ಮಾದರಿ ಮಾಡಲೇಬಾರದೆ? ನಮ್ಮ ಮಕ್ಕಳ ಕೈಗೆ ಪೊರಕೆ ಕೊಟ್ಟ ನಾಡು ಇದು. ಆ ಕೈ ಈಗ ಸ್ಕೇಲು, ಕತ್ತರಿ, ಗೋಂದು ಹಿಡಿದಿದ್ದರೆ ಕಿತ್ತುಕೊಳ್ಳಲು ನಾನು ಒಪ್ಪುವುದಿಲ್ಲ. ಮಾಡಲಿ. ಆದರೆ ಮೇಷ್ಟ್ರೇ, ಇನ್ನೊಂದು ಕೆಲಸ ಕೊಡಿ. ಕೆಳಗಿನ ಊರನ್ನೂ ಅದೇ ಅಳತೆಯಲ್ಲಿ ಮಾಡಿಸಿ: ಮನೆ, ಬಾವಿ, ಶಾಲೆ, ಅಂಗುಲಕ್ಕಿಂತ ಗಿಡ್ಡ ಮನುಷ್ಯರು. ಮೊದಲು ಊರು, ಆಮೇಲೆ ವಿಮಾನ. ಅಷ್ಟು ಚಿಕ್ಕ ಮುಖಕ್ಕೆ ಕಣ್ಣು ಬಾಯಿ ಬರೆದ ಹುಡುಗ, ನಾಳೆ ಯಾರಾದರೂ ಗುಂಡಿ ಒತ್ತು ಅಂದಾಗ, ಕೆಳಗೆ ಯಾರಿದ್ದಾರೆ ಅಂತ ಕೇಳಿಯಾನು. ಆ ಪ್ರಶ್ನೆ ಕಲಿಸದ ವಿಜ್ಞಾನ ಯಾರಿಗೆ ಬೇಕು?